ಹಿತದ ಊಟ ತುಟ್ಟಿಯೋ, ಸೋವಿಯೋ?

“ಛಲೋ ಉಣ್ಣೂದು ಸಾಹುಕಾರರ ಮಾತ್ರಿ ಗುರುಗಳ, ನಮ್ಮಂಥವರಿಗೆ ಹತ್ತು ರೂಪಾಯಿ ಪೊಟ್ಟಣಾನ ಸೋವಿ” ಎಂಬ ಮಾತು ಈಚೆಗೆ ನಮ್ಮ ಗಡಿಯ ಹಳ್ಳಿಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಸಂಖ, ಉಮದಿಗಳ ಕಡೆಗೂ ಅದೇ ಮಾತು, ಮಿರಜಿನ ಪೂರ್ವ ಭಾಗದಲ್ಲಿಯೂ ಅದೇ ಮಾತು. ಮಕ್ಕಳು ಚಹದಲ್ಲಿ ಬಿಸ್ಕೀಟು ಅದ್ದಿ ತಿಂದು ಸಾಲೆಗೆ ಬರುತ್ತಾರೆ. ನಡುವಿನ ಬಿಡುವಿಗೆ ಕುರುಕಲು ಪೊಟ್ಟಣ ಹರಿಯುತ್ತಾರೆ. ಮಿರಜ, ಸಾಂಗಲಿಗಳಿಗೆ ಕೆಲಸಕ್ಕೆ ಹೋದ ಹಿರಿಯರು ರೊಟ್ಟಿಯ ಗಂಟು ಒಯ್ಯುವದನ್ನು ಬಿಟ್ಟು ವಡಾಪಾವ ತಿಂದು ಬರುತ್ತಾರೆ. ಈ ಮಾತಿನಲ್ಲಿ ನಿಜವೆಷ್ಟು? ನಾವು ಸಾಲೆಯಲ್ಲಿ ಲೆಕ್ಕ ಕಲಿಸುವವರು, ಮನೆಯಲ್ಲಿ ಒಕ್ಕಲುತನ ಮಾಡುವವರು. ತಕ್ಕಡಿ ಹಿಡಿದೇ ವಿಚಾರಿಸೋಣ.

ಮೊದಲು ಪೊಟ್ಟಣದ ಲೆಕ್ಕ. ಪೊಟ್ಟಣದ ಬೆನ್ನ ಮೇಲೆ ತೂಕ ಅಚ್ಚಾಗಿರುತ್ತದೆ. ಅದನ್ನು ಮಕ್ಕಳಿಂದ ಓದಿಸಿರಿ. ಹತ್ತು ರೂಪಾಯಿಗೆ 25 ಗ್ರಾಮ ಇದ್ದರೆ ಕಿಲೋಕ್ಕೆ 400 ರೂಪಾಯಿ ಬಿತ್ತು! ಶೇಂಗಾಕಾಳು ಕಿಲೋಕ್ಕೆ 140 ರೂಪಾಯಿ ಎಂದು ಹಿಡಿದರೂ ಅದೇ ಹತ್ತು ರೂಪಾಯಿಗೆ 70 ಗ್ರಾಮ ಬರುತ್ತದೆ. ಶೇಂಗಾದಲ್ಲಿ ನೂರಕ್ಕೆ ಸುಮಾರು 25ರಷ್ಟು ಪ್ರೋಟೀನು ಇರುವದರಿಂದ ಆ ಒಂದು ಹಿಡಿಯಲ್ಲಿ ಹುಡುಗನ ಮೈ ಕಟ್ಟುವ 17 ಗ್ರಾಮ ಸತ್ವ ಸಿಕ್ಕಿತು. ಪೊಟ್ಟಣದಲ್ಲಿ ಹೆಚ್ಚಾಗಿ ಇರುವದು ಹಿಟ್ಟು, ಎಣ್ಣೆ, ಉಪ್ಪು ಮತ್ತು ಗಾಳಿ. ಇಲ್ಲಿ ಸೋವಿ ಯಾವದು, ತುಟ್ಟಿ ಯಾವದು ಎಂಬುದನ್ನು ಮೂರನೆಯ ಇಯತ್ತೆಯ ಹುಡುಗನೂ ಹೇಳಿಯಾನು.

ಇನ್ನು ಊಟದ ಲೆಕ್ಕ. ಪೇಟೆಯ ಧಾರಣೆ ದಿನಕ್ಕೊಂದು. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಐದು ಮಂದಿ ತಲೆಗೊಂದು ವಡಾಪಾವ 15 ರೂಪಾಯಿಯಂತೆ, ಒಂದು ಚಹ 10 ರೂಪಾಯಿಯಂತೆ ತೆಗೆದುಕೊಂಡರೆ 125 ರೂಪಾಯಿ ಆಯಿತು. ಅದೇ ಐದು ಮಂದಿಗೆ ಮನೆಯಲ್ಲಿ ಒಂದು ಕಿಲೋ ಜೋಳ 50 ರೂಪಾಯಿ, ಝುಣಕಕ್ಕೆ ಪಾವ ಕಿಲೋ ಕಡಲೆಹಿಟ್ಟು 25 ರೂಪಾಯಿ, ಉಳ್ಳಾಗಡ್ಡಿ, ಎಣ್ಣೆ, ಖಾರ ಕೂಡಿ ಮತ್ತೆ 25 ರೂಪಾಯಿ, ಒಟ್ಟು ನೂರು. ಉರುವಲವನ್ನೂ ಸೇರಿಸಿದರೆ ಎರಡೂ ಹೆಚ್ಚು ಕಡಮೆ ಸರಿಸರಿ ಬಂದವು. ಆದರೆ ವಡಾಪಾವ ಒಂದು ತಾಸು ತಡೆದೀತು. ರೊಟ್ಟಿ ಝುಣಕ ಸಂಜೆಯ ತನಕ ದುಡಿಸೀತು. “ಜೋಳ ತಿಂದವ ತೋಳ” ಎಂದು ಹಿರಿಯರು ಸುಮ್ಮನೆ ಅನ್ನಲಿಲ್ಲ.

ಹಾಗಾದರೆ ಬಡವರು ಆಡುವ ಮಾತು ಸುಳ್ಳೆ? ಅಲ್ಲ. ಅವರ ಮಾತಿನಲ್ಲಿಯೂ ನ್ಯಾಯವಿದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವದು ತರವಲ್ಲ. ರೊಟ್ಟಿ ಝುಣಕದಿಂದಲೇ ಊಟ ಪೂರ್ತಿಯಾಗುವದಿಲ್ಲ. ತಪ್ಪಲುಪಲ್ಯ, ಬೇಳೆ, ಹಾಲು, ಹಣ್ಣು ಎಲ್ಲವನ್ನೂ ಕೊಂಡು ತಿನ್ನಹೊರಟರೆ ಕೂಲಿಕಾರನ ಕೂಲಿ ಸಾಲದು. ಇದು ನಮ್ಮೂರ ಗೋಳಷ್ಟೇ ಅಲ್ಲ. ಹಿತವಾದ ಊಟ ಕೈಗೆಟುಕದವರು ಜಗತ್ತಿನಲ್ಲಿ 300 ಕೋಟಿಗೂ ಮಿಕ್ಕಿ ಇದ್ದಾರೆಂದು ವಿಶ್ವಸಂಸ್ಥೆಯ 2020ರ ವರದಿ ಹೇಳಿತು. ಮೇಲಾಗಿ ರೇಶನ್ನಿನ ಗೋದಿ ಅಕ್ಕಿ 2023ರ ಜನವರಿಯಿಂದ ಪುಕ್ಕಟೆ ಸಿಗುತ್ತಿವೆ. ಜೋಳಕ್ಕೆ ರೊಕ್ಕ ಎಣಿಸಬೇಕು. 2025ರ ಸಪ್ಟಂಬರ 22ರಿಂದ ಬಿಸ್ಕೀಟು, ಫರಸಾಣಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 5ಕ್ಕೆ ಇಳಿದಿದೆ. ಹೀಗಿರಲಾಗಿ ಜನ ಪೊಟ್ಟಣದ ಕಡೆಗೆ ಹೊರಳಿದರೆ ಅಚ್ಚರಿಯೇನು?

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನಾವು ಬೆಳೆಯುವವರು ಕೊಂಡು ತಿನ್ನುವವರಾದುದು ಹೇಗೆ? ಹಿಂದೆ ಜೋಳ ಸಜ್ಜೆಯ ಹೊಲದಲ್ಲಿ ತೊಗರಿ, ಹೆಸರು, ಮಡಿಕೆ, ಅಲಸಂದಿಗಳ ಅಕ್ಕಡಿ ಸಾಲು ಇರುತ್ತಿದ್ದವು. ಬದುವಿನಲ್ಲಿ ಪುಂಡಿ, ಎರೆಯಲ್ಲಿ ಹಕ್ಕರಕಿ, ಅಂಚಿಗೆ ಗುರೆಳ್ಳು, ಅಗಸಿ. ಇವು ಯಾವವೂ ಪೇಟೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮನೆಯ ಗಂಗಾಳಕ್ಕೆ ಮಾತ್ರ ಬರುತ್ತಿದ್ದವು. ಮ್ಹೈಸಾಳದ ಏತ ನೀರಾವರಿಯಿಂದ ಕೃಷ್ಣೆಯ ನೀರು ಮಿರಜ, ಕವಠೆ ಮಹಾಂಕಾಳ, ಜತ್ತ ತಾಲೂಕುಗಳಿಗೆ ಹತ್ತಿತು. ಅದು ನಮ್ಮ ಭಾಗ್ಯವೇ ಸರಿ. ಆದರೆ ನೀರು ಬಂದ ಹೊಲವೆಲ್ಲ ಕಬ್ಬು, ದ್ರಾಕ್ಷಿ ಆದ ಮೇಲೆ ಅಕ್ಕಡಿಗೆ ಎಡೆಯುಳಿಯಲಿಲ್ಲ. ರೊಕ್ಕ ಬಂತು, ಕಾಳು ಹೋಯಿತು. ಸುಗ್ಗಿಯಲ್ಲಿ ಕಾಳಿನಲ್ಲಿ ಸಲ್ಲುತ್ತಿದ್ದ ಕೂಲಿಯೂ ರೊಕ್ಕವಾಯಿತು. ಆ ರೊಕ್ಕ ಹಾದಿಯಲ್ಲಿಯೇ ಅಂಗಡಿಗೆ ಇಳಿಯಿತು.

ಇನ್ನೊಂದು ಬೆಲೆಯನ್ನು ನಾವು ಗಂಡಸರು ಎಣಿಸುವದೇ ಇಲ್ಲ. ಅದು ಹೆಣ್ಣುಮಕ್ಕಳ ರಟ್ಟೆಯ ಬೆಲೆ. ದ್ರಾಕ್ಷಿ ಚಾಟ್ನಿಗೆ ಹೊತ್ತು ಮೂಡುವ ಮೊದಲೇ ಹೊರಡುವ ತಾಯಿ ಹತ್ತು ರೊಟ್ಟಿ ಬಡಿದು, ಪಲ್ಯ ಮಾಡಿ, ಬುತ್ತಿ ಕಟ್ಟಬೇಕು. ಆಕೆ ದಣಿದ ದಿನ ಮಗುವಿನ ಕೈಗೆ ಹತ್ತು ರೂಪಾಯಿ ಬರುತ್ತದೆ. ಇದರಲ್ಲಿ ಆಕೆಯ ಸೋಮಾರಿತನ ಕಾಣುವವರು ಒಂದು ದಿನ ತಾವೇ ಒಲೆಯ ಮುಂದೆ ಕೂತು ನೋಡಬೇಕು.

ಪರಿಣಾಮವೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಕೂಸುಗಳಿಗೆ ರಕ್ತಹೀನತೆ ಇದೆ. ದೇಶದ ರೋಗಭಾರದಲ್ಲಿ ನೂರಕ್ಕೆ 56ರಷ್ಟು ಅಹಿತ ಆಹಾರದಿಂದ ಬಂದುದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಅಂದಾಜು ಕಟ್ಟಿತು. ಸೋವಿಯೆಂದು ತಿಂದುದರ ಬಾಕಿಯನ್ನು ಮುಂದೆ ಮಿರಜಿನ ದವಾಖಾನೆಗಳಲ್ಲಿ ಬಡ್ಡಿ ಸಹಿತ ತೀರಿಸಬೇಕಾಗುತ್ತದೆ.

ಆದುದರಿಂದ ನಮ್ಮ ಸೂಚನೆಗಳು ಇಷ್ಟು:

1. ಕಬ್ಬು, ದ್ರಾಕ್ಷಿ ಎಷ್ಟೇ ಇರಲಿ, ಮನೆಯ ಸಲುವಾಗಿ ಹತ್ತು ಗುಂಟೆ ಜೋಳ, ಅದರಲ್ಲಿ ಅಕ್ಕಡಿ ಕಾಳು ಬಿತ್ತಿರಿ.

2. ಭೂಮಿಯಿಲ್ಲದವರು ಬಚ್ಚಲ ನೀರಿಗೆ ಒಂದು ನುಗ್ಗೆ, ಒಂದು ಲಿಂಬೆ, ಒಂದು ಮಡಿ ರಾಜಗಿರಿ ಹಚ್ಚಿರಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಇಲ್ಲಿ ಸುಳ್ಳು ಮಾಡಬೇಕು.

3. ಮಡಿಕೆ, ಹೆಸರುಗಳನ್ನು ಮೊಳಕೆ ಬರಿಸಿ, ಲಿಂಬೆ ಹಿಂಡಿ ತಿನ್ನಿರಿ. ಲಿಂಬೆಯಿಂದ ಕಾಳಿನ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೆ ಕುಡಿದ ಚಹ ಅದನ್ನು ತಡೆಯುತ್ತದೆ.

4. ತೋಟದ ಮಾಲಕರು ಸುಗ್ಗಿಯ ಕೂಲಿಯ ಮೇಲೆ ಒಂದಿಷ್ಟು ಜೋಳ, ಕಾಳು ಕೊಡುವ ಹಳೆಯ ರೂಢಿಯನ್ನು ಮತ್ತೆ ಹಿಡಿಯಲಿ.

5. 2013ರ ಆಹಾರ ಭದ್ರತಾ ಕಾಯದೆಯಲ್ಲಿ ಗೋದಿ ಅಕ್ಕಿಗಳ ಜೊತೆಗೆ ಜೋಳ ಸಜ್ಜೆಯಂಥ ಧಾನ್ಯಗಳಿಗೂ ಸ್ಥಾನವಿದೆ. ರೇಶನ್ನಿನಲ್ಲಿ ಜೋಳ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿರಿ. 2025-26ಕ್ಕೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಸರಕಾರ ಕೊಂಡು ಹಂಚಿದರೆ ಬೆಳೆದವನಿಗೂ ಹಿತ, ಉಂಡವನಿಗೂ ಹಿತ.

6. ಹಿಟ್ಟು ಬೀಸಿಸಿ ತರುವದು, ಕಾಳು ಹಸನು ಮಾಡುವದು, ಪಲ್ಯ ಸೋಸುವದು ಗಂಡಸರ ಕೈಗೂ ಬರಲಿ.

ಸಾಂಗಲಿಯ ಭಡಂಗವನ್ನು ಜಾತ್ರೆಗೊಮ್ಮೆ ತಿನ್ನಬೇಡಿರೆಂದು ನಾವು ಹೇಳುವದಿಲ್ಲ. ಜಾತ್ರೆ ದಿನಾಲು ಬರುವದಿಲ್ಲವಷ್ಟೆ. ಕೊಂಡು ತಿನ್ನುವವನಿಗೆ ಹಿತದ ಊಟ ತುಸು ತುಟ್ಟಿ, ಬೆಳೆದು ತಿನ್ನುವವನಿಗೆ ಸೋವಿ, ಒಬ್ಬಳ ಮೇಲೆಯೇ ಹೊರಿಸಿದರೆ ಎಲ್ಲಕ್ಕಿಂತ ತುಟ್ಟಿ. ಈ ಸಲದ ಬಿತ್ತಿಗೆ ಹೊರಡುವಾಗ ಅಕ್ಕಡಿಯ ಕಾಳು ಮರೆಯಬೇಡಿರಿ.