ಆತ ಯಾರೋ ತಿಳಿಯದು!

ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಮುಖಂಡರಾದ ಶ್ರೀಮತಿ ನ್ಯಾನ್ಸಿ ಪೆಲೊಸಿಯವರು 2014ರ ನವೆಂಬರಿನಲ್ಲಿ ಪತ್ರಕರ್ತರ ಮುಂದೆ ಆಡಿದ ಮಾತೊಂದನ್ನು ಒರೆಗೆ ಹಚ್ಚಿ ನೋಡಬಯಸುತ್ತೇವೆ. ಜೊನಾಥನ್ ಗ್ರೂಬರ್ ಎಂಬ ಅರ್ಥಶಾಸ್ತ್ರಜ್ಞರ ವಿಷಯ ಕೇಳಿದಾಗ, ಆತ ಯಾರೋ ತಮಗೆ ತಿಳಿಯದು, ತಮ್ಮ ಮಸೂದೆ ಬರೆಯಲು ಆತ ನೆರವಾಗಲಿಲ್ಲ ಎಂದುಬಿಟ್ಟರು. ಮಸೂದೆಯೆಂದರೆ, 2010ರಲ್ಲಿ ಒಬಾಮಾ ಸರ್ಕಾರ ತಂದ ಆರೋಗ್ಯ ವಿಮೆಯ ಕಾನೂನಿನದು.

ಮೊದಲನೆಯ ಮಾತು ನಿಲ್ಲುವುದಿಲ್ಲ. 2009ರ ನವೆಂಬರಿನಲ್ಲಿ, ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದ ಇದೇ ಮಹಿಳೆ ಗ್ರೂಬರರ ಹೆಸರು ಹಿಡಿದು, ಅವರ ಲೆಕ್ಕಾಚಾರವನ್ನು ತಮ್ಮ ಮಸೂದೆಯ ಪರವಾಗಿ ಮುಂದಿಟ್ಟಿದ್ದರು. ಮುಖಪರಿಚಯವಿಲ್ಲವೆಂದಷ್ಟೇ ಅವರ ಮಾತಿನ ಅರ್ಥವೆಂದು ಅವರ ಕಚೇರಿಯವರು ಆಮೇಲೆ ತೇಪೆ ಹಾಕಿದರು. ಎರಡನೆಯ ಮಾತಿನಲ್ಲಿ ಕೊಂಚ ಹುರುಳುಂಟು: ಕಾನೂನಿನ ಶಿಲ್ಪಿ ತಾನಲ್ಲವೆಂದು ಗ್ರೂಬರರೇ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಆದರೂ ಆರೋಗ್ಯ ಇಲಾಖೆಯಿಂದ ಸುಮಾರು 4 ಲಕ್ಷ ಡಾಲರಿನ ಗುತ್ತಿಗೆ ಪಡೆದು ಲೆಕ್ಕ ಕಟ್ಟಿಕೊಟ್ಟವರು ಅವರು. ಹಾಗೆ ದುಡಿದವರನ್ನು ಹೊರಗಿನವರೆನ್ನುವುದು ಹೇಗೆ?

ಈ ಮರೆವಿಗೆ ಕಾರಣವಿತ್ತು. ವಿಷಯವನ್ನು ಮಸುಕಾಗಿಟ್ಟದ್ದು ರಾಜಕೀಯ ಲಾಭವಾಯಿತೆಂದು, ಮತದಾರರ ಪೆದ್ದತನವನ್ನೂ ಹೆಸರಿಸಿ, ಗ್ರೂಬರ್ 2013ರಲ್ಲಿ ಆಡಿದ್ದ ಮಾತು ಆಗ ಬೆಳಕಿಗೆ ಬಂದಿತ್ತು. ಅವರು ಕ್ಷಮೆ ಕೇಳಿದರು. ವಿರೋಧಿಗಳಾದ ರಿಪಬ್ಲಿಕನ್ನರಿಗೆ ಹಬ್ಬವಾಯಿತು. ಅವರಿಗೇನೂ ಕಾರ್ಮಿಕನ ಮೇಲೆ ಕನಿಕರ ಹುಟ್ಟಿರಲಿಲ್ಲ.

ನಮಗೆ ಮುಖ್ಯವಾದುದು ಬೇರೆ. ಮಾಲೀಕರು ಕೊಡಿಸುವ ದುಬಾರಿ ವಿಮೆಯ ಮೇಲೆ ಶೇಕಡಾ 40ರ ತೆರಿಗೆಯೊಂದು ಆ ಕಾನೂನಿನಲ್ಲಿತ್ತು. ಅಂಥ ವಿಮೆ ಸಾಹುಕಾರರಿಗಷ್ಟೇ ಅಲ್ಲ, ಸಂಘ ಕಟ್ಟಿ, ಹೋರಾಡಿ ಗಳಿಸಿಕೊಂಡ ಕಾರ್ಮಿಕರಿಗೂ ಇತ್ತು. ತೆರಿಗೆ ಜನರ ಮೇಲೆಂದರೆ ಒಪ್ಪಿಗೆಯಾಗದೆಂದು ವಿಮಾ ಕಂಪನಿಗಳ ಮೇಲೆಂದು ಹೆಸರಿಟ್ಟರು. ಕಂಪನಿ ಅದನ್ನು ಬೆಲೆಗೆ ಸೇರಿಸುವುದೆಂದು ಬಲ್ಲವರಿಗೆ ಗೊತ್ತಿತ್ತು. ಇದನ್ನೂ ಗ್ರೂಬರರೇ ಬಾಯಿಬಿಟ್ಟು ಹೇಳಿದ್ದರು. ನಮ್ಮ ಅಂಗಡಿಕಾರ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಲಿನ ಮೇಲೆ ಬಿದ್ದ ತೆರಿಗೆ ಕೊನೆಗೆ ಯಾರ ಚೀಟಿಗೆ ಬರುತ್ತದೆಂದು ಅವರು ದಿನವೂ ಕಾಣುತ್ತಾರೆ.

ಆ ಕಾನೂನಿನಿಂದ 2016ರ ಹೊತ್ತಿಗೆ ಸುಮಾರು 2 ಕೋಟಿ ಜನರಿಗೆ ವಿಮೆ ದೊರೆಯಿತು. ಒಳ್ಳೆಯ ಕೆಲಸವೇ. ಒಳ್ಳೆಯ ಕೆಲಸಕ್ಕೆ ಹಣ ಯಾರು ತೆರಬೇಕೆಂದು ಜನರೆದುರೇ ಹೇಳಲು ಮುಖಂಡರಿಗೆ ಅಂಜಿಕೆಯೇಕೆ? ಸಲಹೆಗಾರನ ಅಂಕಿಗಳನ್ನು ಬೇಕಾದಾಗ ಮೆರೆಸಿ, ಆತನ ಬಾಯಿಂದ ನಿಜ ಜಾರಿದ ದಿನ ಗುರುತೇ ಇಲ್ಲವೆಂದದ್ದು ನಮಗೆ ಒಪ್ಪಿಗೆಯಿಲ್ಲ. ಆ ತೆರಿಗೆಯನ್ನು ಅಲ್ಲಿಯ ಕಾರ್ಮಿಕ ಸಂಘಗಳು ಬಿಡದೆ ಎದುರಿಸಿದವು. ಎರಡು ಬಾರಿ ಮುಂದೂಡಲ್ಪಟ್ಟು, ಒಂದು ದಿನವೂ ವಸೂಲಾಗದೆ, 2019ರ ಡಿಸೆಂಬರಿನಲ್ಲಿ ಅದು ರದ್ದಾಯಿತು.