ಅಂಗನವಾಡಿಯ ಹೊಣೆ ಹೊತ್ತವರು

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲ ನೆಲೆಯಾದದ್ದು ತಿ. ನರಸೀಪುರ. ಅರ್ಧ ಶತಮಾನದ ಬಳಿಕ ಅಂಗನವಾಡಿಯ ಅಸ್ತಿತ್ವವೇ ಚರ್ಚೆಗೆ ಬಂದಿದೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವನ್ನು ವಿರೋಧಿಸಿ 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳು ಅತ್ತ ಸರಿದರೆ ತಮ್ಮ ಕೇಂದ್ರ ಬರಿದಾದೀತೆಂಬ ಅವರ ಆತಂಕ ನಿರಾಧಾರವಾದುದಲ್ಲ.

ಆದರೆ ನಾಮಫಲಕ ಬದಲಾದ ಮಾತ್ರಕ್ಕೆ ಕಲಿಕೆ ಬದಲಾಗುವುದೇ? ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ-ಪಾಠ ಹೇಳಿಕೊಡುವ ಕೈಗಳೇ ಅವರನ್ನು ತೂಗಬೇಕು, ಗರ್ಭಿಣಿ-ಬಾಣಂತಿಯರ ಪೌಷ್ಟಿಕ ಆಹಾರದ ಲೆಕ್ಕ ಇಡಬೇಕು, ಪೋಷಣ್ ಟ್ರ್ಯಾಕರ್‌ನಲ್ಲಿ ಅಂಕಿ ತುಂಬಬೇಕು, ಜೊತೆಗೆ ಸಮೀಕ್ಷೆಗೂ ಅಲೆಯಬೇಕು. ಪಾಠಕ್ಕೆ ಉಳಿಯುವ ವೇಳೆ ಎಷ್ಟೆಂಬುದನ್ನು ಬಲ್ಲವರೇ ಬಲ್ಲರು. ಯೋಜನೆಯ ಮಾನದಂಡದಂತೆ ಸುಮಾರು 25 ಕಾರ್ಯಕರ್ತೆಯರಿಗೆ ಒಬ್ಬರು ಮೇಲ್ವಿಚಾರಕಿ. ಅವರೂ ಕಡತ ಪರಿಶೀಲನೆಯಲ್ಲೇ ಮುಳುಗಿದರೆ, ಮಗುವಿಗೆ ಕಥೆ ಹೇಳುವ ಬಗೆಯನ್ನು ಕಾರ್ಯಕರ್ತೆಗೆ ತೋರಿಸಿಕೊಡುವವರಾರು?

ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಆದರೂ ಅವರ ಸಂಬಳಕ್ಕಿರುವ ಹೆಸರು ಗೌರವಧನ. ಪೂರ್ಣಾವಧಿ ಕಾಯಕಕ್ಕೆ ಇದೆಂಥ ಗೌರವ!

ಇಂಗ್ಲಿಷ್ ಬಯಸುವ ಪಾಲಕರನ್ನು ದೂಷಿಸಲಾಗದು. ನಮ್ಮ ಭಕ್ತರ ಮನೆಗಳಲ್ಲೂ ಆ ಬಯಕೆ ಇದೆ. ಅಂಥವರು ಒಮ್ಮೆ ತಮ್ಮೂರಿನ ಅಂಗನವಾಡಿಗೆ ಹೋಗಿ, ಬಾಲವಿಕಾಸ ಸಮಿತಿಯ ಸಭೆ ಕೊನೆಯ ಬಾರಿ ಸೇರಿದ್ದು ಯಾವಾಗ, ಮೇಲ್ವಿಚಾರಕಿ ಬಂದಾಗ ಕೇಳುವುದು ರಿಜಿಸ್ಟರನ್ನೋ ಮಗುವಿನ ಮಾತನ್ನೋ ಎಂದು ವಿಚಾರಿಸಲಿ.