ಮೂತ್ರಪಿಂಡಕ್ಕೆ ತಣ್ಣನೆಯ ಕಾವಲು

ಎರಡೂ ಮೂತ್ರಪಿಂಡಗಳನ್ನು ಸೇರಿಸಿ ತೂಗಿದರೆ ಮುನ್ನೂರು ಗ್ರಾಂ ಆಸುಪಾಸು. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಇವಕ್ಕೇ ಹೋಗುತ್ತದೆ. ಎದೆಯಿಂದ ಹೊಟ್ಟೆಗೆ ಇಳಿಯುವ ಮಹಾಧಮನಿ ಎಡಕ್ಕೊಂದು, ಬಲಕ್ಕೊಂದು ಕವಲೊಡೆದು ಈ ರಕ್ತವನ್ನು ಒದಗಿಸುತ್ತದೆ.

ವಯಸ್ಸಾದವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವ ಗಂಡಸರಲ್ಲಿ, ಮಹಾಧಮನಿಯ ಗೋಡೆ ಸಡಿಲಗೊಂಡು ಹಳೆಯ ಸೈಕಲ್ ಟ್ಯೂಬಿನಂತೆ ಉಬ್ಬುವುದುಂಟು. ಒಡೆದರೆ ಜೀವಕ್ಕೇ ಸಂಚಕಾರ. ಈಗ ಅನೇಕರಿಗೆ ತೊಡೆಯ ಸಂದಿಯ ರಕ್ತನಾಳದ ಮೂಲಕವೇ ಕೊಳವೆ ತೂರಿಸಿ ದುರಸ್ತಿ ಮಾಡುತ್ತಾರೆ. ಅದು ಸಾಧ್ಯವಾಗದಿದ್ದರೆ ತೆರೆದ ಶಸ್ತ್ರಕ್ರಿಯೆಯೇ ಗತಿ: ಉಬ್ಬಿನ ಮೇಲೆ ಇಕ್ಕಳ ಹಾಕಿ ರಕ್ತ ನಿಲ್ಲಿಸಿ, ಪಾಲಿಯೆಸ್ಟರ್ ಕೊಳವೆ ಹೊಲಿಯುವುದು.

ಇಕ್ಕಳ ಬೀಳುವ ಜಾಗ ಮುಖ್ಯ. ಮೂತ್ರಪಿಂಡದ ಕವಲುಗಳಿಗಿಂತ ಕೆಳಗೆ ಬಿದ್ದರೂ ಅವುಗಳ ರಕ್ತ ಕಡಿಮೆಯಾಗುತ್ತದೆ. ಮೇಲೆ ಬಿದ್ದರೆ ನಿಂತೇಹೋಗಬಹುದು. ಅರ್ಧ ಗಂಟೆ ದಾಟಿದಂತೆ ಹಾನಿಯ ಭಯ ಏರುತ್ತದೆ. ಹಾಗಾಗಿ ಶಸ್ತ್ರವೈದ್ಯರ ಕೈಚುರುಕೇ ಮೊದಲ ರಕ್ಷಣೆ.

ಎದೆಯಿಂದ ಹೊಟ್ಟೆಯವರೆಗೂ ಉಬ್ಬು ಹಬ್ಬಿದ್ದರೆ ಅಷ್ಟರಲ್ಲಿ ಕೆಲಸ ಮುಗಿಯದು. ಆಗ ಯಂತ್ರದಿಂದ ಮೂತ್ರಪಿಂಡಕ್ಕೆ ಬಿಸಿರಕ್ತವನ್ನೇ ಹರಿಸಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 30 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿರಕ್ತ ಪಡೆದ 16 ಮಂದಿಯಲ್ಲಿ 10 ಜನರ ಮೂತ್ರಪಿಂಡ ಸೋತಿತ್ತು. 4 ಡಿಗ್ರಿ ಸೆಂಟಿಗ್ರೇಡ್‌ಗೆ ತಣಿಸಿದ ರಿಂಗರ್ ಲ್ಯಾಕ್ಟೇಟ್, ಅಂದರೆ ವಾರ್ಡಿನಲ್ಲಿ ಡ್ರಿಪ್ ಆಗಿ ಕೊಡುವ ಅದೇ ಲವಣದ್ರವ, ಪಡೆದ 14 ಮಂದಿಯಲ್ಲಿ ಕೇವಲ 3. ಅಲ್ಲಿಯೇ 2009ರಲ್ಲಿ ತಣ್ಣನೆಯ ರಕ್ತವನ್ನು ತಣ್ಣನೆಯ ದ್ರವದೊಡನೆ ಹೋಲಿಸಿದಾಗ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾಪಾಡಿದ್ದು ಚಳಿ ಎಂದಾಯಿತು. ಸೋಸಿದ ಲವಣವನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುವ ದುಡಿಮೆಗೆ ಮೂತ್ರಪಿಂಡ ಬಹಳ ಆಮ್ಲಜನಕ ಸುಡುತ್ತದೆ. ತಣ್ಣಗಾದರೆ ಆ ಹಸಿವೇ ಇಳಿಯುತ್ತದೆ.

ಔಷಧಿಗಳ ಕಥೆ ಅಷ್ಟು ಸಂತೋಷದ್ದಲ್ಲ. ಸ್ವಲ್ಪ ಡೋಪಮೈನ್ ಕೊಟ್ಟರೆ ಮೂತ್ರಪಿಂಡ ಉಳಿಯುತ್ತದೆಂದು ವೈದ್ಯರು ದಶಕಗಳ ಕಾಲ ನಂಬಿದ್ದರು. ತೀವ್ರ ನಿಗಾ ಘಟಕಗಳ 328 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನದಲ್ಲಿ ಯಾವ ಲಾಭವೂ ಕಾಣಲಿಲ್ಲ. ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಕೂಡ ಚೀಲ ತುಂಬಿಸೀತೇ ಹೊರತು ಮೂತ್ರಪಿಂಡವನ್ನು ಕಾಯುವುದಿಲ್ಲ. ಹಾಸಿಗೆಯ ಪಕ್ಕದ ಮೂತ್ರದ ಚೀಲವನ್ನೇ ನೋಡುತ್ತ ಕೂರುವ ಮನೆಯವರು ರಕ್ತದ ಕ್ರಿಯಾಟಿನಿನ್ ಎಷ್ಟಿದೆ ಎಂದೂ ಕೇಳಬೇಕು.

ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಎಲ್ಲರಿಗೂ ಅದು ಶಾಶ್ವತವಲ್ಲ; ಪೆಟ್ಟು ತಿಂದ ಮೂತ್ರಪಿಂಡ ಚೇತರಿಸಿಕೊಳ್ಳುವುದೂ ಉಂಟು. ಮೊದಲೇ ಅದು ದುರ್ಬಲವಾಗಿದ್ದವರಿಗೆ ಅಪಾಯ ಹೆಚ್ಚು. ಅಜ್ಜ ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಮೂತ್ರಪಿಂಡದ ರಕ್ತವನ್ನು ಕಡಿಮೆ ಮಾಡಬಲ್ಲವು. ಆಸ್ಪತ್ರೆಗೆ ಹೊರಡುವಾಗ ಆ ಪಟ್ಟಿಯನ್ನೂ ಚೀಟಿಯಲ್ಲಿ ಬರೆದು ಮೊಮ್ಮಕ್ಕಳು ಅರಿವಳಿಕೆ ವೈದ್ಯರ ಕೈಗೆ ಕೊಡಬಹುದು.